ಕಡಲಿಗೆ ಮೊದಲು ಹೊರಟಿದ್ದು ಅಕ್ಕಿರೊಟ್ಟಿ ಡಬ್ಬಿ

ನಮ್ಮ ಅವ್ವ ಅರಕಲಗೂಡಿನ ಪಕ್ಕದ ಹಳ್ಳಿಯವಳು. ಶುಂಠಿ, ಹೊಗೆಸೊಪ್ಪು, ಜೋಳ ಬೆಳೆದವಳು. ಕಡಲನ್ನು ಟಿವಿಯಲ್ಲಿ ಮಾತ್ರ ನೋಡಿದ್ದಳು. ಕಳೆದ ಜನವರಿಯಲ್ಲಿ ಶುಂಠಿ ಕಿತ್ತು ಮುಗಿದ ಮೇಲೆ, "ಒಂದ್ಸಲ ದೋಣೀಲಿ ಕೂತು ಸಮುದ್ರದ ಮ್ಯಾಲೆ ಓಗ್ಬೇಕು ಕಣ್ಲಾ" ಎಂದಳು. ನಾನೂ ಸೋದರಮಾವನೂ ಅವಳನ್ನು ಕಾರಿನಲ್ಲಿ ಕರೆದುಕೊಂಡು ಘಟ್ಟ ಇಳಿದೆವು. ಮಾವ ಮರುದಿನ ಸಂಜೆ ಹೊಳೆನರಸೀಪುರದಲ್ಲಿ ಒಂದು ಆರತಕ್ಷತೆಗೆ ಹಾಜರಿರಬೇಕಿತ್ತು. ಹಾಗಾಗಿ ದೋಣಿ ಹತ್ತುವುದಿದ್ದರೆ ಮರುದಿನ ಬೆಳಿಗ್ಗೆಯೇ; ಇನ್ನೊಂದು ದಿನ ಕಾಯುವಂತಿರಲಿಲ್ಲ.

ಬೆಳಿಗ್ಗೆ ಏಳು ದಾಟಿದ ಹೊತ್ತಿಗೆ ದಡದಲ್ಲಿದ್ದೆವು. ದೋಣಿಯವನು ಡೀಸೆಲ್ ಕ್ಯಾನ್ ಬರುವುದನ್ನು ಕಾಯುತ್ತ ಚಹಾ ಅಂಗಡಿಯ ಹೊಗೆ ನೋಡುತ್ತಿದ್ದ. ಹೊಗೆ ಕಡಲಿನತ್ತ ಬಾಗಿತ್ತು.

"ಈಗ ದಡದ ಗಾಳಿ. ನೀರು ಶಾಂತ ಉಂಟು" ಎಂದ. "ಬಿಸಿಲು ಏರಿದ ಮೇಲೆ ಹೊಗೆ ಈಚೆ ತಿರುಗ್ತದೆ. ಆಮೇಲೆ ದೂರದಲ್ಲಿ ಬಿಳಿ ನೊರೆ ಕಂಡ್ರೆ ನಾನು ದೋಣಿ ಇಳಿಸುವುದಿಲ್ಲ. ಎಂಟಕ್ಕೆ ಹೊರಟು, ಅಗೋ ಆ ನೀರಿನ ನಡುವಿನ ಬಂಡೆ ಸುತ್ತಿ, ಗಾಳಿ ತಿರುಗುವ ಮೊದಲು ವಾಪಸ್."

ಅವ್ವ ನನ್ನ ಕೈಗಡಿಯಾರ ನೋಡಿದಳು. "ಇವತ್ತು ಸೋಮವಾರ. ಏಳೂವರೆಗೆ ರಾಹುಕಾಲ ಬತ್ತದೆ. ಒಂಬತ್ತಾದ ಮ್ಯಾಲೆ ಓಗವ. ಆಕಾಶದಾಗೆ ಒಂದ್ ಚೂರು ಮೋಡ ಇಲ್ಲ, ಮಳೆ ಎಲ್ಲಿ ಬತ್ತದೆ?"

"ಮಳೆ ಅಲ್ಲ ಅಮ್ಮ. ಗಾಳಿ."

ನಮ್ಮ ಕಡೆ ಆಕಾಶವನ್ನು ನೋಡುವುದೇ ಮಳೆಗಾಗಿ. ಮೋಡವಿಲ್ಲದ ದಿನವೂ ಅಪಾಯವಿರಬಹುದು ಎಂಬುದು ನನಗೂ ಹೊಳೆದಿರಲಿಲ್ಲ.

ಮಾವ ಬಾಯಿ ಹಾಕಿದ. "ಅಕ್ಕಾ, ಸಮುದ್ರದಾಗೆ ರಾಹು ಈಜ್ತಾನಾ? ಮುಳುಗೋಗಿರ್ತಾನೆ ಬುಡು."

"ನೀನು ಬಾಯ್ಮುಚ್ಕಂಡಿರ್ಲಾ. ರಾಹುಕಾಲದಾಗೆ ತಂದ ಟ್ರ್ಯಾಕ್ಟರ್ನ ಇವತ್ಗೂ ತಳ್ಳಿ ಸ್ಟಾರ್ಟ್ ಮಾಡ್ತಿದ್ದೀಯ."

ದೋಣಿಯವನು ನಕ್ಕ. "ನಮ್ಮಲ್ಲೂ ರಾಹುಕಾಲ ಉಂಟಮ್ಮ. ಆದ್ರೆ ಗಾಳಿ ಪಂಚಾಂಗ ನೋಡುವುದಿಲ್ಲ. ಎಂತ ಮಾಡುವುದು?"

ಅವ್ವ ಹೊಗೆಯನ್ನೇ ನೋಡಿದಳು. ಬೆಂಕಿ ಹಾಕಿ ಹೊಗೆಸೊಪ್ಪು ಹದ ಮಾಡುವ ಮನೆಯ ಮುಂದೆ ವರ್ಷಗಟ್ಟಲೆ ಹೊಗೆ ನೋಡಿದವಳು. ಅವನ ಮಾತಿನಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಕಷ್ಟವಿದ್ದದ್ದು ಗಳಿಗೆಯದು. ನಮ್ಮೂರಲ್ಲಿ ಅದಕ್ಕೊಂದು ದಾರಿಯಿದೆ. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ ಅದಕ್ಕೆ ಮುಂಚೆ ಒಳ್ಳೆಯ ಗಳಿಗೆಯಲ್ಲೇ ಪ್ರಯಾಣದ ಗಂಟನ್ನು ಪಕ್ಕದ ಮನೆಯಲ್ಲಿಟ್ಟು ಬರುತ್ತಾರೆ. ಗಂಟು ಹೊರಟರೆ ಪಯಣ ಶುರುವಾದಂತೆ.

ಏಳೂವರೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವ್ವ ದಾರಿಗೆಂದು ಮನೆಯಿಂದ ತಂದಿದ್ದ ಅಕ್ಕಿರೊಟ್ಟಿ ಡಬ್ಬಿಯನ್ನು ದೋಣಿಯವನ ಕೈಗೆ ಕೊಟ್ಟಳು. "ತಗಳಪ್ಪ, ಇದನ್ನ ಒಳಗಡೆ ಮಡಗು. ನಾವು ಒಂಟಾಯ್ತು. ಇನ್ನು ದೋಣಿ ಯಾವಾಗ ಅತ್ತುದ್ರೂ ಒಂದೇಯ."

"ಡಬ್ಬಿಗೂ ಲೈಫ್ ಜಾಕೆಟ್ ಬೇಕಾ ಅಮ್ಮ?"

"ನಿನಗೂ ಎರಡು ರೊಟ್ಟಿ ಅದೆ ಅದ್ರಾಗೆ. ಉಷಾರಾಗಿ ನೋಡ್ಕೊ."

ಎಂಟಕ್ಕೆ ಹೊರಟೆವು. ನೀರು ಅವನು ಹೇಳಿದಂತೆಯೇ ಇತ್ತು. ಅವ್ವ ಕಿತ್ತಳೆ ಬಣ್ಣದ ಜಾಕೆಟ್‌ನಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಮೊದಲ ಅಲೆ ಮುಖಕ್ಕೆ ಸಿಡಿದಾಗ ತುಟಿ ನೆಕ್ಕಿ, "ಥೂ, ಉಪ್ಪು" ಎಂದು ಜೋರಾಗಿ ನಕ್ಕಳು. ಹಿಂದೆ ಕೂತ ಮಾವ ಕಣ್ಣು ಮುಚ್ಚಿ ಹಗ್ಗ ಹಿಡಿದಿದ್ದ.

ಬಂಡೆಯನ್ನು ಒಂದು ಸುತ್ತು ಹಾಕಿದ ಮೇಲೆ ಅವ್ವ ಹಿಂದೆ ತಿರುಗಿ ಕೇಳಿದಳು: "ಇನ್ನೊಂದು ಸುತ್ತು ಓಗ್ಬೌದಾ?"

ದೋಣಿಯವನು ಪಡುವಣದ ನೀರನ್ನು ಉದ್ದಕ್ಕೂ ನೋಡಿದ. ಬಿಳಿ ನೊರೆ ಎಲ್ಲೂ ಇರಲಿಲ್ಲ. ಆಮೇಲೆ ಚುಕ್ಕಾಣಿಯನ್ನು ಮತ್ತೆ ಬಂಡೆಯ ಕಡೆ ತಿರುಗಿಸಿದ.