ಅಕೇಡಿಯನ್ ಮುಖ್ಯಮಂತ್ರಿಯ ಬಗ್ಗೆ ಮಾತಾಡಿದ ದಿನ

ಪ್ರೊಜೆಕ್ಟರ್ ಕೈಕೊಡಬಹುದಿತ್ತು. ಬಸ್ಸು ತಪ್ಪಬಹುದಿತ್ತು, ಗಂಟಲು ಕಟ್ಟಬಹುದಿತ್ತು. ಉಪ್ಪಿಟ್ಟು ಮೊದಲೇ ಬಡಿಸಿ, ಜನ ಕೈ ತೊಳೆದುಕೊಂಡು ಮನೆಯ ಹಾದಿ ಹಿಡಿಯಬಹುದಿತ್ತು. ಭಾಷೆಯ ವಿಷಯವಾದ್ದರಿಂದ ಯಾರಾದರೂ ಬೆಳಗಾವಿ ಗಡಿಯ ಮಾತೆತ್ತಿ ಸಭೆ ಎರಡು ಪಾಲಾಗಬಹುದಿತ್ತು. ಇವೆಲ್ಲ ಹೋಗಲಿ, ನನ್ನ ಮಗಳು ಬರದೇ ಇರಬಹುದಿತ್ತು.

ಕೆನಡಾದ ಮಿಸಿಸಾಗದಲ್ಲಿ ನಾವು ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತೇವೆ. ಪ್ರತಿ ಸಲ ಒಬ್ಬರು ಮಾತಾಡಬೇಕು. ನನ್ನ ಪಾಳಿಗೆ ನಾನು ಆರಿಸಿಕೊಂಡದ್ದು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಹಳೆಯ ಮುಖ್ಯಮಂತ್ರಿಯೊಬ್ಬರನ್ನು. ಅವರು ಅಕೇಡಿಯನ್, ಒಂದು ಕಾಲಕ್ಕೆ ಇಂಗ್ಲಿಷರು ಊರು ಬಿಡಿಸಿ ಓಡಿಸಿದ್ದ, ಫ್ರೆಂಚ್ ಮನೆಮಾತಿನ ಜನರ ಪೈಕಿಯವರು.

"ಯಾಕ್ರೀ ಅಣ್ಣಾರ, ನಮ್ಮವ್ರು ಯಾರೂ ಸಿಗಲಿಲ್ಲೇನು?" ಎಂದರು ಸಂಘದ ಉಸಾಬರಿ ನೋಡುವ ಹುಬ್ಬಳ್ಳಿಯ ಅಕ್ಕ.

"ನಮ್ಮವ್ರ ಬಗ್ಗೆ ಅಂದ್ರ ತಪ್ಪು ಹುಡುಕವ್ರು ಭಾಳ, ಅಕ್ಕಾರ. ಇವ್ರು ಯಾರಿಗೂ ಗೊತ್ತಿಲ್ಲ, ಅದಕ್ಕ."

ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡಕ್ಕೆ ಉತ್ತರ ಕೊಡುವವರಿಲ್ಲ. ಮಗಳು ನ್ಯೂಮಾರ್ಕೆಟ್ ಎಂಬ ಊರಿನಲ್ಲಿ ನರ್ಸ್. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಇಬ್ಬರೂ ಹವಾಮಾನಕ್ಕೆ ಬಂದು ನಿಲ್ಲುತ್ತೇವೆ. "ಬಾಗಿಲು ಹಾಕಿಕೊಂಡೆಯಾ?" ಎನ್ನುವುದರಾಚೆಗೂ ಅಪ್ಪನಿಗೆ ಮಾತು ಬರುತ್ತದೆಂದು ಅವಳು ಒಂದು ಸಲವಾದರೂ ಕೇಳಿ ತಿಳಿಯಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಮಾತು ಶುರುವಾದಾಗ ಅವಳಿರಲಿಲ್ಲ. ಬಡ ಜಿಲ್ಲೆಯಲ್ಲಿ ತೆರಿಗೆ ಕಡಿಮೆ, ಹಾಗಾಗಿ ಶಾಲೆಯೂ ಬಡವೇ ಆಗಿದ್ದ ಕಾಲ ಅದು; ಈ ಮನುಷ್ಯ ಶಾಲೆ, ಆಸ್ಪತ್ರೆಗಳನ್ನೆಲ್ಲ ಪ್ರಾಂತ್ಯದ ಕೈಗೆ ತಂದು, ಮಗು ಎಲ್ಲೇ ಹುಟ್ಟಲಿ, ಒಂದೇ ದರ್ಜೆಯ ಬೆಂಚು ಸಿಗುವಂತೆ ಮಾಡಿದರು ಎಂದೆ. ಬಾಗಿಲ ಕಡೆ ನೋಡುತ್ತಲೇ ಎಂದೆ. ಫ್ರೆಂಚಿಗೆ ಇಂಗ್ಲಿಷಿನ ಸಮಾನ ಸ್ಥಾನ ಕೊಟ್ಟ ಕಾನೂನಿಗೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಆಸ್ಪತ್ರೆಯ ಬಟ್ಟೆಯಲ್ಲೇ ಬಂದು ಅವಳು ಹಿಂದಿನ ಸಾಲಿನಲ್ಲಿ ಕೂತಳು.

ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಬೂಟು ಹಾಕಿಕೊಳ್ಳುತ್ತ ಅವಳು ಕೇಳಿದಳು, "ಅಪ್ಪಾ, ವೈ ಡಿಡ್ ಯು ಸ್ವಿಚ್?"

"ನಿನಗ ತಿಳೀಲಿ ಅಂತ, ಪುಟ್ಟಿ."

"ತಿಳೀತದ ನನಗ. ಶಿಫ್ಟ್ ಚೇಂಜ್ ಮಾಡ್ಕೊಂಡು ಬಂದೀನಿ, ಅದನ್ನ ಕೇಳಾಕಂತ." ಅವಳಮ್ಮನ ಧಾರವಾಡದ ಎಳೆತ, ಹಾಗೆಯೇ.

ಆ ದಿನ ಕೆಟ್ಟದ್ದು ಇಷ್ಟೇ: ಮಗಳು ಒಳಗೆ ಬಂದದ್ದು ಕಂಡ ಕೂಡಲೇ, ಉಳಿದ ಭಾಷಣವನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಮಾಡಿ ಮುಗಿಸಿದ್ದೆ.