ತೆಗೆದಿಟ್ಟ ಥರ್ಮೋಸ್ಟಾಟ್ ಮತ್ತು ರೇವಣಸಿದ್ದಪ್ಪ ಮೇಷ್ಟ್ರು

ಚಿತ್ರದುರ್ಗ ಸೀಮೆಯಲ್ಲಿ ಬಾನೆಟ್ ಎತ್ತಿ ನಿಂತ ಕಾರು ಕಂಡರೆ, ಅದರೊಳಗೆ ತಲೆ ತೂರಿಸಿದವರು ಬಹುಮಟ್ಟಿಗೆ ಶ್ರೀ ರೇವಣಸಿದ್ದಪ್ಪನವರ ಶಿಷ್ಯರೋ, ಶಿಷ್ಯರ ಶಿಷ್ಯರೋ ಆಗಿರುತ್ತಾರೆ. ತರಬೇತಿ ಕೇಂದ್ರವೊಂದರ ಮೋಟಾರು ವಾಹನ ವಿಭಾಗದಲ್ಲಿ ಮೂವತ್ತಮೂರು ವರ್ಷ ಬೋಧಿಸಿ ಈಗ ನಿವೃತ್ತರಾಗುತ್ತಿರುವ ಅವರನ್ನು ಗ್ಯಾರೇಜುಗಳ ಲೋಕ ಬಲ್ಲದ್ದು ಮೇಷ್ಟ್ರು ಎಂದೇ.

ಜವನಗೊಂಡನಹಳ್ಳಿಯ ಈ ಮಿತಭಾಷಿ ಪಾಠ ಹೇಳುತ್ತಿದ್ದ ರೀತಿಯೇ ಬೇರೆ. ಎಂಜಿನ್ ಚಾಲೂ ಮಾಡಿಸಿ, ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, ತಾವೂ ಮುಚ್ಚುತ್ತಿದ್ದರು. ಮೇಷ್ಟ್ರು ನಿದ್ದೆಗೆ ಜಾರಿದರೆಂದು ಹಿಂದಿನ ಸಾಲು ಕಿಸಕ್ಕೆನ್ನುವ ಹೊತ್ತಿಗೆ, “ಲೇ, ಮೂರನೇ ಸಿಲಿಂಡರ್ ಕೈಕೊಟ್ಟೈತೆ, ಕೇಳ್ರಲೇ” ಎಂಬ ಮಾತು ಎಲ್ಲೋ ದೂರದಿಂದ ಬಂದಂತೆ ಬರುತ್ತಿತ್ತು. ಹೊಸದುರ್ಗದ ಮೊದಲ ಬಸ್ಸಿಗೆ ಹಸಿದು ಬರುವವರಿಗಾಗಿ ದಿನವೂ ಡಬ್ಬಿ ತುಂಬ ರೊಟ್ಟಿ ತರುತ್ತಿದ್ದರು. ಕೇಳಿದರೆ “ಮನೇಲಿ ಜಾಸ್ತಿ ಆಗಿದ್ವು” ಎನ್ನುತ್ತಿದ್ದರು. ಮೂವತ್ತಮೂರು ವರ್ಷ ಒಂದೇ ಮನೆಯಲ್ಲಿ ರೊಟ್ಟಿ ಜಾಸ್ತಿಯಾಗುತ್ತಲೇ ಇತ್ತು!

ಅವರ ಪಾಠಗಳಲ್ಲಿ ಒಂದಕ್ಕೆ ಶಾಸನದಷ್ಟು ಬೆಲೆಯಿತ್ತು. ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿ, ಕಾದ ಮೇಲೆ ತೆರೆಯುವ ಪುಟ್ಟ ಬಾಗಿಲಿಗೆ ಥರ್ಮೋಸ್ಟಾಟ್ ಎನ್ನುತ್ತಾರಷ್ಟೆ. “ನಮ್ಮ ಬಿಸಿಲಿಗೆ ಅದು ಬ್ಯಾಡ, ತೆಗೆದಿಡ್ರಿ” ಎಂದು ಹಳೆಯ ಜೀಪಿನ ಎಂಜಿನ್ ಮುಂದೆ ಅವರು ಹೇಳಿದ್ದನ್ನು ಶಿಷ್ಯರು ಕಣ್ಣಿಗೊತ್ತಿಕೊಂಡು ಪಾಲಿಸಿದರು.

ಹಿರಿಯೂರಿನಲ್ಲಿ ಗ್ಯಾರೇಜು ಇಟ್ಟ ಯೋಗೇಶ್ ಅಂಥ ಶಿಷ್ಯ. ಪಶುವೈದ್ಯೆ ಕಾವ್ಯ ಅವರ ಕಾರಿಗೆ ಹೊಸ ವಾಟರ್ ಪಂಪು ಹಾಕಿ, ರೇಡಿಯೇಟರ್ ತೊಳೆಸಿ, ಥರ್ಮೋಸ್ಟಾಟ್ ತೆಗೆದು ಕೊಟ್ಟಿದ್ದ. ಊರೊಳಗೆ ತಣ್ಣಗಿರುತ್ತಿದ್ದ ಕಾರು ಹೊಸದುರ್ಗದ ದಾರಿಯ ಏರಿನಲ್ಲಿ ಕುದಿಯುತ್ತಿತ್ತು. ಮೂರನೆಯ ಸಲ ಕಾರು ಮರಳಿದಾಗ ಯೋಗೇಶ್ ಮೇಷ್ಟ್ರಿಗೆ ಫೋನು ಮಾಡಿ, “ನಂಗೆ ಈ ಕೆಲ್ಸ ಬರಲ್ಲ ಸಾರ್, ಬೋರ್ಡು ಇಳಿಸ್ತೀನಿ” ಎಂದುಬಿಟ್ಟ.

ಕಳೆದ ವರ್ಷದ ಒಂದು ಭಾನುವಾರ ಮೇಷ್ಟ್ರು, ಯೋಗೇಶ್, ಕಾವ್ಯ ಮೂವರೂ ಅದೇ ಕಾರಿನಲ್ಲಿ ಮಾರಿಕಣಿವೆ ಅಣೆಕಟ್ಟಿನತ್ತ ಹೊರಟರು. ಏರಿನಲ್ಲಿ ಶಾಖಮಾಪಕದ ಮುಳ್ಳು ಕೆಂಪಿಗೆ ಏರಿದಾಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಬಾನೆಟ್ಟಿನ ಸಂದಿಯಿಂದ ಆವಿ ಬೆಳ್ಳಗೆ ಎದ್ದು, ಹಿನ್ನೀರಿನ ಕಡೆಯ ಗಾಳಿಗೆ ನಿಧಾನವಾಗಿ ಕರಗುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಕೊಳವೆಗಳನ್ನು ಹಗುರಾಗಿ ಮುಟ್ಟಿ ನೋಡಿದರು. ಎಂಜಿನ್ ಸುಡುತ್ತಿತ್ತು, ರೇಡಿಯೇಟರಿನ ಕೆಳಗಿನ ಕೊಳವೆ ಮಾತ್ರ ಉಗುರುಬೆಚ್ಚಗಿತ್ತು. ನೀರು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

“ಥರ್ಮೋಸ್ಟಾಟ್?”

“ತೆಗ್ದೀನಿ ಸಾರ್. ನೀವೇ ಹೇಳಿಕೊಟ್ಟಿದ್ರಲ್ಲ.”

ಮೇಷ್ಟ್ರ ಕಣ್ಣ ಮುಂದೆ ಆ ಹಳೆಯ ಜೀಪು, ಅದರ ಸುತ್ತ ನಿಂತ ವರ್ಷ ವರ್ಷದ ಮುಖಗಳು ತೇಲಿಹೋದವು. ಹೊಸ ಎಂಜಿನ್ನುಗಳಲ್ಲಿ ಆ ಬಾಗಿಲು ರೇಡಿಯೇಟರಿನ ದಾರಿ ತೆರೆಯುವಾಗಲೇ, ನೀರು ಎಂಜಿನ್ನಿಗೇ ಮರಳುವ ಅಡ್ಡದಾರಿಯನ್ನು ಮುಚ್ಚುತ್ತದೆ. ಬಾಗಿಲನ್ನೇ ಕಿತ್ತರೆ ಕಾದ ನೀರು ಅಡ್ಡದಾರಿಯಲ್ಲೇ ಸುತ್ತುತ್ತದೆ. ಇದು ಗೊತ್ತಿದ್ದೂ ಹಳೆಯ ಪಾಠವನ್ನು ಅವರು ತಿದ್ದಿರಲಿಲ್ಲ. ಈಗಲೂ ಏನೂ ಹೇಳದೆ ಸರಿಪಡಿಸಿದ್ದರೆ ಯೋಗೇಶ್ ಅದನ್ನು ಪವಾಡವೆಂದು ಕೈಮುಗಿಯುತ್ತಿದ್ದ.

“ಡಾಕ್ಟ್ರಮ್ಮ, ತಪ್ಪು ಇವಂದಲ್ಲ, ನಂದು. ನಾನು ಕಲ್ಸಿದ್ದೇ ಹಂಗೆ. ಇವ್ನ ಕೈ ಚೊಲೋ ಐತೆ” ಎಂದರು.

ಕಿತ್ತ ಭಾಗವನ್ನು ಗಾಡಿಯವರಿಗೇ ಒಪ್ಪಿಸಬೇಕೆಂಬುದೂ ಮೇಷ್ಟ್ರ ಪಾಠವೇ ಆದ್ದರಿಂದ ಥರ್ಮೋಸ್ಟಾಟ್ ಕಾರಿನಲ್ಲೇ ಇತ್ತು. ರಸ್ತೆಬದಿಯ ತಿಪ್ಪಕ್ಕನ ಚಹಾದಂಗಡಿಗೆ ಹೋಗಿ, ಅದಿನ್ನೂ ಕೆಲಸ ಮಾಡುತ್ತದೋ ನೋಡಲು ದಾರಕ್ಕೆ ಕಟ್ಟಿ ಕುದಿಯುವ ನೀರಿಗೆ ಇಳಿಬಿಟ್ಟರು. “ಇದೇನ್ ಬೇಯಿಸ್ತೀರಿ ಯಜಮಾನ್ರೇ?” ಎಂದು ತಿಪ್ಪಕ್ಕ ನಕ್ಕಳು. ಹಿತ್ತಾಳೆಯ ಬಾಗಿಲು ಮೊಗ್ಗಿನಂತೆ ಮೆಲ್ಲಗೆ ತೆರೆದುಕೊಂಡಿತು. ಎಂಜಿನ್ ಪೂರ್ತಿ ಆರಿದ ಮೇಲೆ ಯೋಗೇಶನ ಕೈಯಲ್ಲೇ ಅದನ್ನು ಕೂಡಿಸಿ, ಕಾರಿನ ಮೂತಿ ಮೇಲಾಗಿ ನಿಂತ ಏರಿನಲ್ಲೇ ಎಂಜಿನ್ ತಣಿಸುವ ಕೂಲಂಟ್ ತುಂಬಿಸಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬರುವವರೆಗೆ ಕಾದರು. ಹೊಸದುರ್ಗ ಮುಟ್ಟುವವರೆಗೂ ಮುಳ್ಳು ನಡುವಿನಿಂದ ಕದಲಲಿಲ್ಲ. ಯೋಗೇಶನ ಬೋರ್ಡೂ ಇಳಿಯಲಿಲ್ಲ.

ಮೇಷ್ಟ್ರಿಗೆ ಮಾತ್ರ ನಿದ್ದೆ ಬರಲಿಲ್ಲ. ಮರುದಿನದಿಂದಲೇ ಹಳೆಯ ಹಾಜರಿ ಪುಸ್ತಕ ಹಿಡಿದು ಫೋನು ಮಾಡತೊಡಗಿದರು. ಭಾನುವಾರಗಳಂದು ಹೊಳಲ್ಕೆರೆಯಿಂದ ಹಾಲುರಾಮೇಶ್ವರದವರೆಗೆ ಗ್ಯಾರೇಜುಗಳ ಬಾಗಿಲಲ್ಲಿ ನಿಂತು “ನಾ ಹೇಳಿದ್ದು ತಪ್ಪಾಗೈತೆ ಕಣಪ್ಪ” ಎಂದರು. ತಲೆ ನರೆತ ಮೆಕ್ಯಾನಿಕ್ಕುಗಳು ಎಣ್ಣೆಗೈಯಲ್ಲೇ ಎದ್ದು ನಿಂತರು. ಕೆಲವರು ಅತ್ತೂ ಬಿಟ್ಟರು.

ಈ ಅಭಿನಂದನಾ ಸಂಪುಟದ ಪ್ರಸ್ತಾಪ ತೆಗೆದುಕೊಂಡು ಹೋದಾಗ ಅವರು ಮೊದಲು ಒಪ್ಪಲಿಲ್ಲ. ಆಮೇಲೆ ಒಂದೇ ಷರತ್ತು ಹಾಕಿದರು: “ಹೊಗಳಿಕೆ ಎಷ್ಟಾದ್ರೂ ಹಾಕ್ಕಳ್ರಿ, ಆ ತಪ್ಪು ಮಾತ್ರ ಬಿಡಬ್ಯಾಡ್ರಿ. ನಲವತ್ತೊಂದು ಹುಡುಗ್ರು ಇನ್ನೂ ನಂಗೆ ಸಿಕ್ಕಿಲ್ಲ.”

ಶ್ರೀ ರೇವಣಸಿದ್ದಪ್ಪನವರಿಗೆ ನೂರು ತುಂಬಲಿ, ಆ ಕೈಗಳಿಗೆ ಎಂದೂ ಬಿಡುವು ಸಿಗದಿರಲಿ. ಆ ನಲವತ್ತೊಂದು ಮಂದಿಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ತೆಗೆದಿಟ್ಟದ್ದನ್ನು ಮತ್ತೆ ಕೂಡಿಸಿ, ಮೇಷ್ಟ್ರಿಗೊಂದು ಫೋನು ಮಾಡಿರಿ. ಅವರು ಕಾಯುತ್ತಿದ್ದಾರೆ.