ಎರಡು ಶ್ರಾವಣದ ಕೋಳಿ

ಬೆಟಗೇರಿ ಖಾಸಿಂಸಾಬಗ ಒಂದ ಕಡೆ ಕುಂಡ್ರೂದಂದ್ರ ಜೀವ ಹೋದಂಗ ಆಗತಿತ್ತು. ಉಣ್ಣಾಕ ಕುಂತ್ರೂ ಒಂದು ಮೊಣಕಾಲ ಎತ್ತಿಕೊಂಡು, ಈಗ ಎದ್ದೆ, ಆಗ ಎದ್ದೆ ಅನ್ನೋಹಂಗ ಕುಂಡ್ರತಿದ್ದ. ಅಂಥಾವಂಗ ದೇವರು ಉದ್ಯೋಗ ಬರೋಬ್ಬರಿ ನೋಡೇ ಕೊಟ್ಟಿದ್ದ. ಸೈಕಲ್ಲಿನ ಹಿಂದ ಎರಡೂ ಕಡೆ ಬಿದಿರಿನ ಪುಟ್ಟಿ, ಹ್ಯಾಂಡಲ್ಲಿಗೆ ಹೊಟ್ಟು ತುಂಬಿದ ತತ್ತಿ ಡಬ್ಬಿ. ಇವತ್ತು ಡೋಣಿ, ನಾಳಿ ಶಿರಹಟ್ಟಿ, ನಾಡದ ಲಕ್ಷ್ಮೇಶ್ವರ. ಹಳ್ಳ್ಯಾಗ ಹೆಣ್ಮಕ್ಕಳು ಸಾಕಿದ ಜವಾರಿ ಕೋಳಿ, ತತ್ತಿ ಕೊಂಡು ತಂದು ಬೆಟಗೇರಿ ಸಂತ್ಯಾಗ ಮಾರೋದು. ಹದಿನೆಂಟು ವರ್ಷ ಅಂವ ಇದನ್ನ ಮಾಡಿದ್ದ. ಒಂದು ದಿವಸ ಸೈಕಲ್ ಪಂಕ್ಚರ್ ಆಗಿ ಮನ್ಯಾಗ ಉಳದ್ರ, ಹೆಂಡತಿ ಗೌಸಬಿನ ಆಜೂಬಾಜೂದವರಿಗೆ "ಯಾರರ ಬಂದು ಇವರನ್ನ ಕರಕೊಂಡು ಹೋಗ್ರಿ" ಅಂತಿದ್ಲು.

ಕೋಳಿ ಎದಿ ಒಂದು ಸಲ ಬೆರಳಿಲೆ ಒತ್ತಿದ್ರ ಸಾಕು, ಇದು ಇಡೋ ಕೋಳಿ, ಇದು ಕೊಯ್ಯೋ ಕೋಳಿ, ತೂಕ ಇಷ್ಟು ಅಂತ ಹೇಳಿಬಿಡತಿದ್ದ. ಅದರಾಗ ಸುಳ್ಳಿಲ್ಲ. ಅಷ್ಟಕ್ಕ ಸುಮ್ಮನಾಗಿದ್ರ ಯಾರಿಗೂ ತ್ರಾಸ ಇದ್ದಿದ್ದಿಲ್ಲ. ಆದ್ರ ಮುಂದಿನ ತಿಂಗಳ ಮಾರ್ಕೆಟ್ ಹೆಂಗಿರತೈತಿ ಅಂತ ಭವಿಷ್ಯ ಬ್ಯಾರೆ ಹೇಳಾಂವ. ಗಿರಾಕಿ ಬಂದು "ಸ್ವಲ್ಪ ಕಡಿಮಿ ಮಾಡ್ರಿ ಸಾಬರ" ಅಂದ್ರ, "ಭಾವ ಹೇಳೋದು ನನ್ನ ಕೆಲಸ, ಕೇಳೋದು ನಿಮ್ಮ ಕೆಲಸ" ಅಂತ ಮಾರಿ ತಿರುವಿ ಬಿಡಾಂವ. ಎಂಥಾ ಜಂಬ ಅಂತೀರಿ!

ನಮ್ಮ ಕಡೆ ಕೋಳಿ ಭಾವ ಏರೋದು ಇಳಿಯೋದು ಎಲ್ಲಾ ಹಬ್ಬದ ಕೈಯಾಗ. ಶ್ರಾವಣ ಬಂತಂದ್ರ ತಿನ್ನೋ ಮಂದಿನೂ ತಿನ್ನೋದು ಬಿಡ್ತಾರ, ಕೋಳಿ ಕೇಳೋರಿರಂಗಿಲ್ಲ. ಹಂಗಾಗಿ ಅದರ ಹಿಂದಿನ ಅಮಾಸಿ ಬಂತಂದ್ರ ಹಳ್ಳ್ಯಾಗಿನ ಹೆಣ್ಮಕ್ಕಳು ತಿಂಗಳಗಟ್ಟಲೆ ದಂಡ ಕಾಳು ಯಾಕ ಹಾಕೋದಂತ ಸಿಕ್ಕ ಭಾವಕ್ಕ ಕೋಳಿ ಕೊಟ್ಟು ಕೈ ತೊಳಕೋತಾರ. ಶ್ರಾವಣ ಮುಗದು ಗಣಪ್ಪ ಬಂದು, ಅವನ ಹಬ್ಬದ ಮರುದಿನ ಇಲಿವಾರ. ಗಣಪ್ಪಗ ಕಡಬು ಆತು, ಅವನ ಇಲಿಗೇನು? ಅಂತ ಬೆಟಗೇರಿ ನೇಕಾರರ ಭಾಳ ಮನ್ಯಾಗ ಅವತ್ತು ಕೋಳಿ ಸಾರು ಮಾಡಿ ಇಲಿಗೆ ಎಡಿ ಹಿಡೀತಾರ. ಮಗ್ಗದ ಎಳಿ ಕಡೀಬ್ಯಾಡಪಾ ಅಂತ ಇಲಿಗೆ ಲಂಚ ಅನ್ರಿ. ಅವತ್ತು ಜವಾರಿ ಕೋಳಿಗೆ ಹೇಳಿದ್ದ ಭಾವ. ಅಮಾಸಿಗೆ ಕೊಂಡು ಇಲಿವಾರಕ್ಕ ಮಾರೋದು ಖಾಸಿಂಸಾಬನ ವರ್ಷದ ದೊಡ್ಡ ವ್ಯಾಪಾರ.

ಬಾಜೂದ ಗದಗ ಜಿಲ್ಲಾ ಆಗಿ ಏಳನೇ ವರ್ಷ ನಡದಿತ್ತು. ಗೌಸಬಿ ತಮ್ಮ ಜಾಹೀದ ಮೇನ್ ರೋಡಿನ್ಯಾಗ ಫಾರಂ ಕೋಳಿ ಅಂಗಡಿ ಹಾಕಿದ್ದ. ಒಂದಿನ ಅಕ್ಕನ ಮನಿಗೆ ಚಾ ಕುಡ್ಯಾಕ ಬಂದಂವ, ಅಕ್ಕನ ಗಂಡಗ "ದೂಲಾಭಾಯಿ, ಇನ್ನ ಸಾಕು ಮಾಡ್ರಿ. ನಿಮ್ಮ ಮೊಣಕಾಲ ಕಟಕಟ ಅನ್ನೋದು ನನ್ನ ಅಂಗಡಿಮಟ ಕೇಳತೈತಿ. ಜವಾರಿ ಕಾಲ ಮುಗೀತು. ನನ್ನ ಅಂಗಡಿಗೆ ಬರ್ರಿ, ನೆರಳಾಗ ಕುಂಡ್ರಿ, ತಕ್ಕಡಿ ಹಿಡೀರಿ" ಅಂದ.

ಖಾಸಿಂಸಾಬನ ಮೈಯೆಲ್ಲಾ ಉರೀತು. "ಲೇ, ನಿನ್ನ ಕೋಳಿಗೆ ಓಡಾಕ ಬರಂಗಿಲ್ಲ, ಕೂಗಾಕ ಬರಂಗಿಲ್ಲ. ಅದನ್ನ ತಿನ್ನೋದಂದ್ರ ಹತ್ತಿಗೆ ಮಸಾಲಿ ಹಚ್ಚಿ ತಿಂದಂಗ. ಕೇಳಿಲ್ಲೆ. ಈ ಅಮಾಸಿಗೆ ಹಿತ್ತಲ ತುಂಬ ಕೋಳಿ ತರತೇನಿ. ಇಲಿವಾರದ ಸಂಜಿಕ ಅದರಾಗ ಒಂದ ಒಂದು ಉಳೀತಂದ್ರೂ ಪುಟ್ಟಿ ಕೆಳಗಿಟ್ಟು ನಿನ್ನ ಅಂಗಡ್ಯಾಗ ಬಂದು ಕುಂಡ್ರತೇನಿ. ಉಳೀಲಿಲ್ಲೋ, ಮತ್ತೊಮ್ಮೆ ಈ ಮಾತು ತಗೀಬಾರದು."

"ಆತು" ಅಂದ ಜಾಹೀದ. ಗೌಸಬಿ ಹಣಿ ಬಡಕೊಂಡ್ಲು.

ಮರುದಿನ ಡೋಣಿಗೆ ಹೋದ್ರ ಕೋಳಿ ಸುರಿಮಳಿ! ಯಾವ ವರ್ಷನೂ ಇಷ್ಟು ಅಗ್ಗ ಆಗಿದ್ದಿಲ್ಲ. ಹದಿನೆಂಟು ವರ್ಷದಿಂದ ಅವಂಗ ಕೋಳಿ ಕೊಡೋ ಮುತ್ತವ್ವ, ಕಾಲಿಗೆ ದಾರ ಕಟ್ಟಿದ ಏಳು ಕೋಳಿ ತಂದು ಮುಂದ ಒಗದು, "ಒಯ್ಯೋ ಸಾಬಣ್ಣ. ಈ ಸಲ ಹಂಗಲ್ಲ ನೋಡು, ಈ ಸಲ..." ಅನ್ನಾಕತ್ತಿದ್ಲು.

"ಯವ್ವಾ, ಮಾರ್ಕೆಟ್ ನನಗ ಕಲಸಬ್ಯಾಡ" ಅಂದು ಖಾಸಿಂಸಾಬ ಅಕಿ ಬಾಯಿ ಮುಚ್ಚಿಸಿದ. ಮುತ್ತವ್ವ "ಶ್ಯಾಣ್ಯಾ ಅದಿ ಬಿಡಪಾ" ಅಂದು ಒಳಗ ಹೋದ್ಲು. ಅಂವ ಮೂರು ಸಲ ಅಡ್ಡಾಡಿ ಅರವತ್ತೆರಡು ಕೋಳಿ ತಂದು ಹಿತ್ತಲಕ್ಕ ಬಿಟ್ಟ. ಹುಂಜ, ಇನ್ನೂ ತತ್ತಿ ಇಡದ ಪಿಳ್ಳಿ ಸೇರಿ ಮೂವತ್ನಾಲ್ಕು, ಇಡೋವು ಇಪ್ಪತ್ತೆಂಟು.

ಮೂರು ವಾರ ಆರಾಮ ಹೋತು. ಒಂದ ಬ್ಯಾಸರಂದ್ರ, ಆ ಸಲ ನಾಗರಪಂಚಮಿ ಉಂಡಿ ಅವಂಗ ಯಾರೂ ಕೊಟ್ಟಿದ್ದಿಲ್ಲ. ವರ್ಷಾ ಶೇಂಗಾದುಂಡಿ, ಎಳ್ಳುಂಡಿ ಅಂತ ಡಬ್ಬಿ ತುಂಬ ಬರತಿದ್ವು. "ಮಂದಿ ಮನಸ್ಸು ಸಣ್ಣದಾತು" ಅಂತ ಅಂವ ಒಳಗಿಂದೊಳಗ ಮುನಿಸ್ಕೊಂಡಿದ್ದ.

ಒಂದಿನ ಕೋಳಿಗೆ ಜೋಳದ ನುಚ್ಚು ತರಾಕ ಕಿರಾಣಿ ಅಂಗಡಿ ವಿರೂಪಾಕ್ಷಪ್ಪನ ಕಡೆ ಹೋದ. ವಿರೂಪಾಕ್ಷಪ್ಪ, "ಸಾಬರ, ಇನ್ನೂ ಎರಡು ಚೀಲ ಕಟ್ಟಲೇನು?" ಅಂದ.

"ಯಾಕ್ರೀ? ಇನ್ನೊಂದು ವಾರ ಹತ್ತು ದಿನಕ್ಕ ಗಣಪ್ಪ ಬರ್ತಾನ."

"ಯಾವ ಗಣಪ್ಪನೋ ಮಾರಾಯಾ? ಪಂಚಮಿ ಉಂಡಿ ತಿಂದ್ಯೇನು?"

"ಯಾರು ಕೊಟ್ರು?"

"ಪಂಚಮಿ ಆದ್ರ ಕೊಡತಾರ! ಈ ವರ್ಷ ಅಧಿಕಮಾಸ, ಎರಡು ಶ್ರಾವಣ. ಈಗ ನಡದದ್ದು ಹೆಚ್ಚಿಂದು. ಖರೆ ಶ್ರಾವಣ ಇನ್ನೂ ಶುರುನ ಆಗಿಲ್ಲ. ಹತ್ತೊಂಬತ್ತು ವರ್ಷದ ಹಿಂದ ಹಿಂಗ ಆಗಿತ್ತು."

ಹತ್ತೊಂಬತ್ತು ವರ್ಷದ ಹಿಂದ! ಇವನ ವ್ಯಾಪಾರಕ್ಕ ಹದಿನೆಂಟು. ಖಾಸಿಂಸಾಬ ಬಾಯಾಗಿನ ಎಲಿ ಅಡಿಕಿ ನುಂಗೇಬಿಟ್ಟ. "ಅಲ್ರೀ, ನಮ್ಮ ಕಡೆ ಒಂದು ತಿಂಗಳ ಹೋತಂದ್ರ ಹೋತು. ನಿಮ್ಮದು ಹೆಂಗ ಹೊಳ್ಳಿ ಬರತೈತಿ?" ಅಂತ ವಿರೂಪಾಕ್ಷಪ್ಪನ ಮ್ಯಾಲೇ ಹರಿಹಾಯ್ದ. ಡೋಣಿ ಹೆಣ್ಮಕ್ಕಳು ಅಷ್ಟು ಅಗ್ಗ ಯಾಕ ಕೊಟ್ರು ಅನ್ನೋದು ಆವಾಗ ತಲ್ಯಾಗ ಹೊಕ್ಕಿತು. ಅಂವ ತನ್ನ ಶ್ಯಾಣ್ಯಾತನ ಅಂತ ತಿಳಕೊಂಡಿದ್ದು, ಅವರು ಎರಡು ತಿಂಗಳದ ಕಾಳು ಉಳಿಸಿಕೊಂಡಿದ್ದು.

ಅವತ್ತಿಂದ ಅಂವ ಮಾಡಿದ ತಿರುಗಾಟ ನೋಡಿದ್ರ ನಗಬೇಕೋ ಅಳಬೇಕೋ ತಿಳೀತಿದ್ದಿಲ್ಲ. ಹೆಚ್ಚಿನ ಶ್ರಾವಣ ಲೆಕ್ಕಕ್ಕಿಲ್ಲ, ತಿಂದ್ರ ನಡೀತೈತಿ ಅನ್ನೋ ಊರು ಎಲ್ಲಿ ಐತಿ ಅಂತ ಹುಡುಕಿಕೊಂಡು ಹೊಂಟ. ಕುರ್ತಕೋಟ್ಯಾಗ "ಅಧಿಕ ಅಂದ್ರ ಇನ್ನೂ ಹೆಚ್ಚು ಮಡಿ" ಅಂದ್ರು. ಮಲ್ಲಸಮುದ್ರದ ಹುಚ್ಚಪ್ಪ ಮಾತ್ರ, "ಅಧಿಕ ಬ್ಯಾರೆ, ಶ್ರಾವಣ ಬ್ಯಾರೆ. ತಾ ಒಂದು ಹುಂಜ" ಅಂತ ಕೈ ಚಾಚಿದ. ಖಾಸಿಂಸಾಬ ಖುಷಿಲೆ ಪುಟ್ಟಿ ಬಿಚ್ಚೋದ್ರಾಗ ಒಳಗಿಂದ ಅವನ ಹೆಂಡತಿ, "ಒಲಿ ಹಚ್ಚಾಕಿ ನಾನು!" ಅಂತ ಒದರಿದ್ಲು. ಹುಚ್ಚಪ್ಪ ಚಾಚಿದ ಕೈಯಿಂದ ತಲಿ ಕೆರಕೊಂಡ.

ಇತ್ತ ಹಿತ್ತಲದಾಗ ಕೋಳಿ ತಿಂದು ತಿಂದು ದುಂಡಗಾಗಿ ತತ್ತಿ ಇಡಾಕ ಹತ್ತಿದ್ವು. ದಿನಕ್ಕ ಹತ್ತು, ಹನ್ನೆರಡು. ಕಾವಿಗೆ ಕುಂತದ್ದನ್ನ ಗೌಸಬಿ ತಣ್ಣೀರಿನ ಬಕೀಟದಾಗ ಮುಳುಗಿಸಿ ಎಬ್ಬಿಸಿ ಮತ್ತ ಇಡಾಕ ಹಚ್ಚತಿದ್ಲು. ತತ್ತಿ ಡಬ್ಬಿ ತುಂಬಿ, ಅಕ್ಕಿ ಗಡಿಗಿನೂ ತುಂಬಿತು. "ಇವನ್ನೇನು ಮಾಡೋಣ್ರಿ?" ಅಂತ ಕೇಳಿದ್ಲು.

"ಶ್ರಾವಣದಾಗ ತತ್ತಿ ಯಾವ ಹುಚ್ಚ ತಗೋತಾನ? ಏನರ ಮಾಡ್ಕೋ" ಅಂದು ಅಂವ ಸೈಕಲ್ ಹತ್ತಿದ.

ಗೌಸಬಿ ಏನರ ಮಾಡಿಕೊಂಡ್ಲು. ಜಿಲ್ಲಾ ಆದಮ್ಯಾಲ ಗದಗಿಗೆ ಹೊಸಾ ಆಫೀಸು ಬಂದಿದ್ವು, ಆಫೀಸಿನ ಮಂದಿಗೆ ಹೊಸಾ ಓಣಿ ಎದ್ದಿದ್ವು. ಅಲ್ಲೆ ಅನ್ನಪೂರ್ಣ ಅಂತ ಒಬ್ಬ ಕ್ಲಾರ್ಕನ ಹೆಂಡತಿ, ಗೌಸಬಿ ಕಡೆ ಜಂಪರ ಹೊಲಿಸಾಕಿ. ಅಕಿ ಸಣ್ಣ ಮಗಳು ಭಾಳ ಸೊರಗಿತ್ತು, ದಿನಾ ಒಂದು ಜವಾರಿ ತತ್ತಿ ಕೊಡ್ರಿ ಅಂತ ಡಾಕ್ಟರ್ ಹೇಳಿದ್ರು. ಆದ್ರ ಅತ್ತಿ ತಿಂಗಳಗಟ್ಟಲೆ ಪುರಾಣಕ್ಕ ಕುಂತಾಕಿ, ಪಡಸಾಲಿ ಬಿಟ್ಟು ಏಳಾಕಿ ಅಲ್ಲ. ಗೌಸಬಿ ಚುರುಮರಿ ಡಬ್ಬ್ಯಾಗ ತತ್ತಿ ಹುಗದು ಹಿತ್ತಲ ಬಾಗಿಲಕ್ಕ ಒಯ್ದಳು. ತತ್ತಿ ಒಡೀಲಿಲ್ಲ, ಅತ್ತಿಗೆ ಕಾಣಲಿಲ್ಲ. ಬಾಜೂದ ಮನ್ಯಾಕಿ "ನನಗೂ ನಾಕು ಚುರುಮರಿ" ಅಂದ್ಲು. ಎದರಗಡೆ ಮನಿದು ಎಂಟು. ವಾರದಾಗ ಆ ಓಣಿ ತುಂಬ ಹಿತ್ತಲ ಬಾಗಿಲಾ ಗೌಸಬಿಗೆ ತೆರಕೊಂಡ್ವು. ಶ್ರಾವಣದಾಗ ಆ ತತ್ತಿಗೆ ಇದ್ದ ಭಾವ ದೀಪಾವಳ್ಯಾಗೂ ಇದ್ದಿದ್ದಿಲ್ಲ. ಎರಡನೇ ತಿಂಗಳ ನುಚ್ಚು ಪೂರಾ ಅದರಾಗ ಬಂತು. ಖಾಸಿಂಸಾಬ ಮಾತ್ರ, "ಚುರುಮರಿ ವ್ಯಾಪಾರಂತ! ಮಾರ್ಕೆಟ್ ಅಂದ್ರ ಏನಂತ ಗೊತ್ತೇನು ನಿನಗ?" ಅಂತ ನಕ್ಕ.

ಅಂತೂ ಎರಡೂ ಶ್ರಾವಣ ಮುಗದ್ವು, ಗಣಪ್ಪ ಬಂದ. ಇಲಿವಾರದ ದಿನ ಖಾಸಿಂಸಾಬ ನಸುಕಿನ್ಯಾಗ ಎದ್ದು, ಹೊಸಾ ಟೊಪಿಗಿ ಹಾಕ್ಕೊಂಡು, ಹಿತ್ತಲಕ್ಕ ಹೋದ್ರ ಬಾಗಿಲದಾಗ ಗೌಸಬಿ ಅಡ್ಡ ನಿಂತಾಳ.

"ಹುಂಜ, ಪಿಳ್ಳಿ ಎಲ್ಲಾ ಒಯ್ರಿ. ಇಡೋ ಕೋಳಿಗೆ ಕೈ ಹಚ್ಚಬ್ಯಾಡ್ರಿ."

"ಲೇ ಗೌಸೂ, ಹುಚ್ಚ ಹಿಡದೈತೇನು? ಒಂದು ಉಳದ್ರೂ ನಾ ಜಾಹೀದನ ಅಂಗಡ್ಯಾಗ ಕುಂಡ್ರಬೇಕು! ನನ್ನ ಮರ್ಯಾದಿ ಪ್ರಶ್ನೆ."

"ನಿಮ್ಮ ಮರ್ಯಾದಿ ದಿನಕ್ಕ ಎಷ್ಟು ತತ್ತಿ ಇಡತೈತಿ?"

ಖಾಸಿಂಸಾಬ ಸಿಟ್ಟು ಮಾಡಿದ, ರಮಿಸಿದ, ಕೊನಿಗೆ ಕೈ ಮುಗಿಯೋದೊಂದು ಬಾಕಿ ಇತ್ತು, ಅದನ್ನೂ ಮಾಡಿದ. ಗೌಸಬಿ ಜರಗಲಿಲ್ಲ. "ಆ ಹುಡುಗಿ ಮಾರಿಮ್ಯಾಲ ಈಗೀಗ ಕಳಿ ಬರಾಕತ್ತೈತ್ರಿ. ಅದರ ತತ್ತಿ ನಾ ತಪ್ಪಸಂಗಿಲ್ಲ" ಅಂದ್ಲು. ಅಕಿ ಹಠಕ್ಕ ಅಂವ ಹೆದರತಿದ್ದಿಲ್ಲ. ಆದ್ರ ಈ ಮಾತಿಗೆ ಸೋತು, ಮೂವತ್ನಾಲ್ಕನ್ನ ಪುಟ್ಟಿಗೆ ತುಂಬಿಕೊಂಡು ಹೊಂಟುಬಿಟ್ಟ.

ಮಾರ್ಕೆಟ್ ಹೆಂಗಿತ್ತು ಗೊತ್ತೇನು? ಎರಡು ತಿಂಗಳ ಬಾಯಿ ಕಟ್ಟಿದ ಮಂದಿ, ಪುಟ್ಟಿ ಇಳಿಸೋಕಿಂತ ಮೊದಲ ಬಂದು ಮುಕರಿದ್ರು. ಅಂವ ಹೇಳಿದ್ದ ಭಾವ, ಯಾರೂ ಕಡಿಮಿ ಮಾಡು ಅನ್ನಲಿಲ್ಲ. ಬಿಸಲು ಏರೋದ್ರಾಗ ಪುಟ್ಟಿ ಖಾಲಿ! ಆಮ್ಯಾಲೂ ಬಂದವರಿಗೆ ಲೆಕ್ಕಿಲ್ಲ. "ಇನ್ನೊಂದು ಇಲ್ಲೇನ್ರೀ ಸಾಬರ? ಎಷ್ಟರ ತಗೋರಿ" ಅಂದ್ರು. ಹಿತ್ತಲದಾಗ ಇಪ್ಪತ್ತೆಂಟು ಇದ್ವು, ಮಧ್ಯಾಹ್ನದೊಳಗ ಅವೂ ಹೋಗತಿದ್ವು. ಹೇಳಿದ ಭವಿಷ್ಯ ಖರೆ ಆಗಿ ಶರತ್ತು ಸೋತ ಮನಶಾ ಆ ಸಂತ್ಯಾಗ ಅವನೊಬ್ಬನ. ಖಾಲಿ ಪುಟ್ಟಿ ಮುಂದ ನಿಂತು ಅವಂಗ ಅಳು ಬಂದಂಗಾತು.

ಸಂಜಿಕ ಜಾಹೀದ ಬಂದು ಹಿತ್ತಲಕ್ಕ ಇಣಿಕಿ ನೋಡಿದ. ಹಲ್ಲು ಕಿಸದ. ಖಾಸಿಂಸಾಬ, "ನಾಳಿ ಎಷ್ಟೊತ್ತಿಗೆ ಬರ್ಲಿ?" ಅಂದ. ಆಡಿದ ಮಾತು ತಪ್ಪೋ ಪೈಕಿ ಅಲ್ಲ ಅಂವ.

ಮೂರು ದಿನ ಅಂಗಡ್ಯಾಗ ಕುಂತ. ಕುರ್ಚಿ ಮೆತ್ತಗಿತ್ತು, ತಲಿಮ್ಯಾಲ ಫ್ಯಾನಿತ್ತು, ಚಾ ಇದ್ದಲ್ಲೇ ಬರತಿತ್ತು. ಅಂಥಾ ಸುಖದಾಗ ಅವಂಗ ಅನ್ನ ಸೇರಲಿಲ್ಲ. ಕೋಳಿ ಎದಿ ಒತ್ತಿ ನೋಡಿದ್ರ ಎಲ್ಲಾ ಒಂದ ನಮೂನಿ. ಹೇಳಾಕ ಏನೂ ಇದ್ದಿಲ್ಲ. ಭಾವ ಮುಂಜಾನೆದ್ದು ಲಾರಿಯವರ ಫೋನಿನ್ಯಾಗ ಬರತಿತ್ತು, ಅದನ್ನ ಹಲಗಿಮ್ಯಾಲ ಬರದ್ರ ಮುಗೀತು. ಡೋಣಿ ಕಡೆ ಹೋಗೋ ಮುಂಡರಗಿ ಬಸ್ಸು ಅಂಗಡಿ ಮುಂದ ಹಾದು ಹೋದಾಗೆಲ್ಲ ಎದ್ದು ನಿಲ್ಲತಿದ್ದ. ಜಾಹೀದ "ಎಲ್ಲಿಗ್ರಿ?" ಅಂದ್ರ, "ಎಲ್ಲಿಗೂ ಇಲ್ಲ" ಅಂದು ಮತ್ತ ಕುಂಡ್ರತಿದ್ದ.

ನಾಕನೇ ದಿನ ಗೌಸಬಿ ಸೈಕಲ್ ನೂಕಿಕೊಂಡು ಬಂದ್ಲು. ಹಿಂದ ಪುಟ್ಟಿ ಕಟ್ಟಿದ್ವು. ಗಂಡನ ಕಡೆ ನೋಡಲಿಲ್ಲ, ತಮ್ಮಗ ಹೇಳಿದ್ಲು: "ಜಾಹೀದ, ನನ್ನ ತತ್ತಿ ಸಾಲವಲ್ವು. ಹನ್ನೆರಡು ಇಡತಾವ, ನಲವತ್ತು ಕೇಳತಾರ. ಹಳ್ಳಿಗೆ ಹೋಗಿ ಇಡೋ ಕೋಳಿ ಆರಿಸಿ ತರಾಕ ನನಗೊಂದು ಆಳು ಬೇಕಾಗೇತಿ. ಕೋಳಿ ಗುರ್ತು ಹತ್ತೋ ಆಳು."

"ಆಪಾ, ಶರತ್ತು ಅಂದ್ರ ಶರತ್ತು. ದೂಲಾಭಾಯಿ ವ್ಯಾಪಾರ ಬಿಟ್ಟಾರ" ಅಂದ ಜಾಹೀದ.

"ಅವರ ವ್ಯಾಪಾರ ಅವರು ಬಿಟ್ಟಾರ. ಇದು ನನ್ನ ವ್ಯಾಪಾರ."

ಜಾಹೀದ ತಕ್ಕಡಿ ನೋಡಿದ, ಅಕ್ಕನ ಮಾರಿ ನೋಡಿದ, ತಕ್ಕಡಿ ತನ್ನ ಕಡೆ ಎಳಕೊಂಡ. ಸಣ್ಣವಿದ್ದಾಗಿಂದ ಆ ಮಾರಿ ಗುರ್ತು ಅವಂಗಿತ್ತು.

ಆಳು ಅನ್ನೋ ಮಾತು ಖಾಸಿಂಸಾಬನ ಎದಿಗೆ ನಟ್ಟಿತ್ತು. ಹದಿನೆಂಟು ವರ್ಷ ಊರಿಗೆಲ್ಲಾ ಭಾವ ಹೇಳಿದಂವ. ಅಂವ ಕುರ್ಚಿ ನೋಡಿದ, ರಸ್ತಾ ನೋಡಿದ. ಎದ್ದು ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡದ. ಎಂದೂ ಯಾರಿಗೂ ಕೇಳದ ಮಾತು ಕೇಳಿದ:

"ಯಾವ ಭಾವಕ್ಕ ತರ್ಲಿ?"

ಗೌಸಬಿ ಹೇಳಿದ್ಲು. ಅಂವ ಕೊಡತಿದ್ದದ್ದಕ್ಕಿಂತ ಐದು ರೂಪಾಯಿ ಮ್ಯಾಲಿತ್ತು. ಅಷ್ಟು ಕೊಟ್ರ ಮಾರ್ಕೆಟ್ ಕೆಟ್ಟು ಹೋಗತೈತಿ ಅನ್ನೋದು ನಾಲಿಗಿ ತುದಿಮಟ ಬಂತು. ಬಂದದ್ದನ್ನ ಅಲ್ಲೇ ನುಂಗಿದ. ನಾಚಿಕಿ ಆಗಿತ್ತು ಅವಂಗ, ಸುಳ್ಳ ಯಾಕ ಹೇಳಲಿ, ಭಾಳ ನಾಚಿಕಿ ಆಗಿತ್ತು. ಅದರ ಎರಡರಷ್ಟು ಖುಷಿನೂ ಆಗಿತ್ತು.

"ಆತ್ರಿ" ಅಂದ ಹೆಂಡತಿಗೆ, ಮದಿವ್ಯಾದಮ್ಯಾಲ ಮೊದಲನೇ ಸಲ "ರಿ" ಹಚ್ಚಿ, ಡೋಣಿ ದಾರಿ ಹಿಡದ.